ಚುಕ್ಕೆ ಗುರುತಿನ ಪ್ರಶ್ನೆ: ಸದನದಲ್ಲಿ ಸರ್ಕಾರ ಉತ್ತರ ಕೊಡುವುದು ಹೇಗೆ, ಜಾರಿಕೊಳ್ಳುವುದು ಹೇಗೆ

ಅಧಿವೇಶನ ಶುರುವಾಯಿತೆಂದರೆ ಮೊಬೈಲಿಗೆ ಬಂದು ಬೀಳುವುದು ಸದನದ ಬಾವಿಗಿಳಿದವರ, ಕಾಗದ ಹರಿದು ತೂರಿದವರ ತುಣುಕುಗಳು. ಅದೇ ದಿನ ಅದೇ ಸದನದಲ್ಲಿ ಒಂದಷ್ಟು ಕಾಗದಗಳೂ ಮಂಡನೆಯಾಗಿರುತ್ತವೆ. ಯಾವುದೋ ತಾಲ್ಲೂಕು ಆಸ್ಪತ್ರೆಯಲ್ಲಿ ಎಷ್ಟು ವೈದ್ಯರ ಹುದ್ದೆ ಖಾಲಿ, ಕುಡಿಯುವ ನೀರಿನ ಕಾಮಗಾರಿಗೆ ಬಿಡುಗಡೆಯಾದ ಹಣದಲ್ಲಿ ಖರ್ಚಾದದ್ದೆಷ್ಟು ಎಂಬುದಕ್ಕೆ ಸಚಿವರ ಹೆಸರಿನಲ್ಲಿರುವ ಲಿಖಿತ ಉತ್ತರಗಳು ಅವು. ಗದ್ದಲ ಸಂಜೆಗೆ ಮರೆತುಹೋಗುತ್ತದೆ, ಕಾಗದ ಉಳಿಯುತ್ತದೆ. ಆ ಕಾಗದ ಹೇಗೆ ಹುಟ್ಟುತ್ತದೆ, ಅದನ್ನು ಓದುವುದು ಹೇಗೆ ಎಂದು ತಿಳಿದರೆ ನಿಮ್ಮ ಶಾಸಕರು ಸದನದಲ್ಲಿ ಮಾಡಿದ ಕೆಲಸವನ್ನು ಅಳೆಯಲು ಬೇರೆಯವರ ವ್ಯಾಖ್ಯಾನ ಬೇಕಾಗುವುದಿಲ್ಲ.

ಕೇಳುವ ಹಕ್ಕು ಎಲ್ಲಿಂದ ಬಂತು

ಕೇಂದ್ರದ ಮಂತ್ರಿಮಂಡಲ ಸಾಮೂಹಿಕವಾಗಿ ಲೋಕಸಭೆಗೆ ಹೊಣೆ ಎನ್ನುತ್ತದೆ ಸಂವಿಧಾನದ 75(3)ನೇ ವಿಧಿ. ರಾಜ್ಯದ ಮಂತ್ರಿಮಂಡಲ ವಿಧಾನಸಭೆಗೆ ಹೊಣೆ ಎನ್ನುತ್ತದೆ 164(2)ನೇ ವಿಧಿ. ಹೊಣೆ ಎಂದ ಮೇಲೆ ಕೇಳಿದ್ದಕ್ಕೆ ಉತ್ತರ ಕೊಡಬೇಕು. ಪ್ರಶ್ನೋತ್ತರ ಕಲಾಪದ ಬುಡ ಇಷ್ಟೆ. ಉಳಿದ ವಿವರವೆಲ್ಲ ಆಯಾ ಸದನ ತಾನೇ ಮಾಡಿಕೊಂಡ ನಡಾವಳಿ ನಿಯಮಗಳಲ್ಲಿದೆ.

ಈ ಹಕ್ಕು ಒಂದೇ ಸಲಕ್ಕೆ ಸಿಕ್ಕಿದ್ದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಶುರುವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ಅಹವಾಲು ಹೇಳಿಕೊಳ್ಳಬಹುದಿತ್ತು, ಸರ್ಕಾರವನ್ನು ಕಟ್ಟಿಹಾಕುವ ಅಧಿಕಾರವಿರಲಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ ಪ್ರಶ್ನೆ ಕೇಳುವ ಅವಕಾಶ ಬಂದದ್ದು 1892ರ ಶಾಸನ ಸಭೆಗಳ ಕಾಯ್ದೆಯಿಂದ. 1893ರ ಫೆಬ್ರವರಿ 16ರಂದು ಭಿಂಗಾದ ರಾಜರು ಮೊದಲ ಪ್ರಶ್ನೆ ಕೇಳಿದರು. ಪ್ರವಾಸ ಬರುವ ಸರ್ಕಾರಿ ಅಧಿಕಾರಿಗಳಿಗೆ ಸಾಮಾನು ಒದಗಿಸಬೇಕಾಗಿ ಬಂದು ಹಳ್ಳಿಯ ಅಂಗಡಿಯವರು ಪಡುತ್ತಿದ್ದ ಪಾಡಿನ ಬಗ್ಗೆ ಇತ್ತು ಆ ಪ್ರಶ್ನೆ. ಉತ್ತರ ಬಂದ ಮೇಲೆ ಮರುಪ್ರಶ್ನೆ ಹಾಕುವಂತಿರಲಿಲ್ಲ. 1909ರ ಸುಧಾರಣೆಯಲ್ಲಿ ಪ್ರಶ್ನೆ ಕೇಳಿದವರಿಗೆ ಮಾತ್ರ ಉಪಪ್ರಶ್ನೆಯ ಅವಕಾಶ ಸಿಕ್ಕಿತು. ಯಾವ ಸದಸ್ಯರಾದರೂ ಎದ್ದು ಉಪಪ್ರಶ್ನೆ ಕೇಳಬಹುದೆಂದು ಆದದ್ದು 1919ರ ಸುಧಾರಣೆಯ ನಂತರ.

ಚುಕ್ಕೆ ಇದ್ದರೆ ಬಾಯಲ್ಲಿ, ಇಲ್ಲದಿದ್ದರೆ ಕಾಗದದಲ್ಲಿ

ಪ್ರಶ್ನೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಸದನದಲ್ಲಿ ಸಚಿವರ ಬಾಯಿಂದಲೇ ಉತ್ತರ ಬೇಕೆಂದು ಸದಸ್ಯರು ಬಯಸಿದರೆ ಅದು ಚುಕ್ಕೆ ಗುರುತಿನ ಪ್ರಶ್ನೆ. ಪಟ್ಟಿಯಲ್ಲಿ ಅದರ ಮುಂದೆ ನಕ್ಷತ್ರದ ಗುರುತು ಹಾಕುವುದರಿಂದ ಆ ಹೆಸರು. ಬರವಣಿಗೆಯ ಉತ್ತರ ಸಾಕೆಂದರೆ ಅದು ಚುಕ್ಕೆ ಗುರುತಿಲ್ಲದ ಪ್ರಶ್ನೆ. ತುರ್ತು ವಿಷಯವಾದರೆ ಅಲ್ಪಾವಧಿ ಸೂಚನೆಯ ಪ್ರಶ್ನೆ ಎಂಬ ಮೂರನೆಯದೂ ಇದೆ, ಅದಕ್ಕೆ ಸಚಿವರು ಒಪ್ಪಬೇಕು. ಬಳಕೆ ಕಡಿಮೆ.

ಲೋಕಸಭೆಯಲ್ಲಿ ಒಂದು ದಿನದ ಪಟ್ಟಿಗೆ ಹೋಗುವುದು 20 ಚುಕ್ಕೆ ಗುರುತಿನವು, 230 ಚುಕ್ಕೆ ಇಲ್ಲದವು. ರಾಜ್ಯಸಭೆಯಲ್ಲಿ 15 ಮತ್ತು 160. ಲೋಕಸಭೆಯಲ್ಲಿ ಕಲಾಪದ ಮೊದಲ ಗಂಟೆ, ಅಂದರೆ ಬೆಳಗ್ಗೆ 11ರಿಂದ 12, ಪ್ರಶ್ನೆಗಳಿಗೆ ಮೀಸಲು. ರಾಜ್ಯಸಭೆ 2014ರಲ್ಲಿ ಇದನ್ನು ಮಧ್ಯಾಹ್ನ 12ಕ್ಕೆ ತಳ್ಳಿತು. ವಿಧಾನಸಭೆ, ವಿಧಾನ ಪರಿಷತ್ತುಗಳಿಗೆ ತಮ್ಮದೇ ನಿಯಮ ಪುಸ್ತಕಗಳಿವೆ. ಅಂಕಿಗಳು ಬೇರೆಯಾದರೂ ಚೌಕಟ್ಟು ಇದೇ.

ಚುಕ್ಕೆಯ ನಿಜವಾದ ಬೆಲೆ ಇರುವುದು ಉಪಪ್ರಶ್ನೆಯಲ್ಲಿ. ಮೂಲ ಉತ್ತರ ಹೇಗಿದ್ದರೂ ಮುಂಚೆಯೇ ಅಚ್ಚಾಗಿ ಬಂದಿರುತ್ತದೆ. ಸದಸ್ಯರು ಎದ್ದು ಪ್ರಶ್ನೆಯ ಸಂಖ್ಯೆ ಹೇಳುತ್ತಾರೆ, ಸಚಿವರು "ಉತ್ತರ ಒದಗಿಸಲಾಗಿದೆ" ಎಂದು ಕೂರುತ್ತಾರೆ. ಆಟ ಶುರುವಾಗುವುದು ಆಮೇಲೆ. ಲೋಕಸಭೆಯಲ್ಲಿ ಕೇಳಿದವರಿಗೆ ಎರಡು ಉಪಪ್ರಶ್ನೆ, ಅನಂತರ ಸಭಾಧ್ಯಕ್ಷರು ಕರೆದ ಇತರರಿಗೆ. ಇವು ಮುಂಚಿತವಾಗಿ ಬರೆದುಕೊಟ್ಟವಲ್ಲ. ಸಚಿವರಿಗೆ ಇಲಾಖೆಯ ಮೇಲೆ ಎಷ್ಟು ಹಿಡಿತವಿದೆ ಎಂಬುದು ಈ ಎರಡು ಮೂರು ನಿಮಿಷದಲ್ಲಿ ಬಯಲಾಗುತ್ತದೆ. ಅಧಿಕಾರಿಗಳ ಗ್ಯಾಲರಿಯಿಂದ ಚೀಟಿಗಳು ಹರಿದುಬರುವುದೂ ಆಗಲೇ.

ಒಂದು ಗಂಟೆಯಲ್ಲಿ ಸಾಮಾನ್ಯವಾಗಿ ಐದಾರು ಪ್ರಶ್ನೆ ಮುಗಿದರೆ ಹೆಚ್ಚು. ಸರದಿ ಬಾರದ ಚುಕ್ಕೆ ಗುರುತಿನ ಪ್ರಶ್ನೆಗಳಿಗೂ ಲಿಖಿತ ಉತ್ತರ ಸಿಗುತ್ತದೆ. ಹೋಗುವುದು ಉಪಪ್ರಶ್ನೆಯ ಅವಕಾಶ ಮಾತ್ರ. 2019ರ ನವೆಂಬರಿನಲ್ಲಿ ಒಂದು ದಿನ ಲೋಕಸಭೆ ಪಟ್ಟಿಯಲ್ಲಿದ್ದ 20ನ್ನೂ ಮುಗಿಸಿದ್ದು ದೊಡ್ಡ ಸುದ್ದಿಯಾಯಿತು ಎಂದರೆ, ಉಳಿದ ದಿನಗಳ ಪರಿಸ್ಥಿತಿ ಊಹಿಸಿಕೊಳ್ಳಬಹುದು.

ಶೂನ್ಯವೇಳೆಯನ್ನು ಇದರ ಜೊತೆ ಬೆರೆಸಬಾರದು. ಅಲ್ಲಿ ಸದಸ್ಯರು ತುರ್ತು ವಿಷಯ ಪ್ರಸ್ತಾಪಿಸುತ್ತಾರೆ. ಸಚಿವರು ಅಲ್ಲೇ ಉತ್ತರಿಸಲೇಬೇಕೆಂಬ ಕಟ್ಟುಪಾಡಿಲ್ಲ. ಶಾಸಕರು "ಸದನದಲ್ಲಿ ಪ್ರಸ್ತಾಪಿಸಿದ್ದೇನೆ" ಎಂದರೆ, ಪ್ರಶ್ನೆಯಾಗಿ ಕೇಳಿದರೋ ಶೂನ್ಯವೇಳೆಯಲ್ಲಿ ಹೇಳಿದರೋ ಎಂದು ವಿಚಾರಿಸಿ.

ಸೂಚನೆ ಕೊಟ್ಟಲ್ಲಿಂದ ಉತ್ತರ ಬರುವ ತನಕ

ಲೋಕಸಭೆಯಲ್ಲಿ ಉತ್ತರದ ದಿನಕ್ಕೆ ಕನಿಷ್ಠ 15 ಪೂರ್ಣ ದಿನ ಮೊದಲು ಸೂಚನೆ ಕೊಡಬೇಕು. ಕೊಟ್ಟ ದಿನವೂ ಉತ್ತರದ ದಿನವೂ ಲೆಕ್ಕಕ್ಕಿಲ್ಲ. ಒಬ್ಬ ಸದಸ್ಯರು ಒಂದು ದಿನಕ್ಕೆ ಐದು ಸೂಚನೆ ಕೊಡಬಹುದು, ಚುಕ್ಕೆ ಗುರುತಿನ ಪಟ್ಟಿಗೆ ಅವರ ಹೆಸರಿನಲ್ಲಿ ಒಂದೇ ಹೋಗುತ್ತದೆ. ಸಚಿವಾಲಯಗಳನ್ನು ಐದು ಗುಂಪು ಮಾಡಿ ವಾರದ ಐದು ದಿನಕ್ಕೆ ಹಂಚಿರುತ್ತಾರೆ. ರೈಲ್ವೆಯ ಸರದಿ ಯಾವ ದಿನವೋ ಆ ದಿನವೇ ರೈಲಿನ ಬಗ್ಗೆ ಕೇಳಬೇಕು. ಸೂಚನೆಗಳು ಜಾಸ್ತಿ ಬರುವುದರಿಂದ ಚೀಟಿ ಎತ್ತಿ ಕ್ರಮ ನಿಗದಿ ಮಾಡುತ್ತಾರೆ. ಹಾಗಾಗಿ ಒಳ್ಳೆಯ ಪ್ರಶ್ನೆಯೊಂದು ಪಟ್ಟಿಯ ತುದಿಗೆ ಹೋಗಿ ಬಿದ್ದರೆ ಅದರಲ್ಲಿ ಯಾರ ಕೈವಾಡವೂ ಇರಬೇಕಾಗಿಲ್ಲ.

ಅಂಗೀಕಾರವಾದ ಪ್ರಶ್ನೆ ಇಲಾಖೆಗೆ ಇಳಿಯುತ್ತದೆ. ನಮ್ಮ ಕಚೇರಿಗಳಲ್ಲಿ ವಿಧಾನಸಭೆಯ ಪ್ರಶ್ನೆಗೆ "ಎಲ್‌ಎಕ್ಯೂ" (ಲೆಜಿಸ್ಲೇಟಿವ್ ಅಸೆಂಬ್ಲಿ ಕ್ವೆಶ್ಚನ್), ಪರಿಷತ್ತಿನದಾದರೆ "ಎಲ್‌ಸಿಕ್ಯೂ" (ಲೆಜಿಸ್ಲೇಟಿವ್ ಕೌನ್ಸಿಲ್ ಕ್ವೆಶ್ಚನ್) ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ಉಳಿದ ಕಡತಗಳು ಪಕ್ಕಕ್ಕೆ ಸರಿಯುತ್ತವೆ. ಸರ್ಕಾರಿ ಶಾಲೆಗಳ ಶೌಚಾಲಯದ ಬಗ್ಗೆ ಕೇಳಿದ್ದಾರೆ ಎಂದುಕೊಳ್ಳಿ. ವಿಧಾನಸೌಧದ ಶಾಖೆಯಿಂದ ಆಯುಕ್ತರ ಕಚೇರಿಗೆ, ಅಲ್ಲಿಂದ ಜಿಲ್ಲೆಯ ಉಪನಿರ್ದೇಶಕರಿಗೆ, ಅವರಿಂದ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಕೊನೆಗೆ ಮುಖ್ಯ ಶಿಕ್ಷಕರ ವಾಟ್ಸ್ಆ್ಯಪ್ ಗುಂಪಿಗೆ ನಮೂನೆ ಬರುತ್ತದೆ, "ಇಂದೇ ಕಳಿಸಿ" ಎಂಬ ಒಕ್ಕಣೆಯೊಂದಿಗೆ. ಅಂಕಿಗಳು ಅದೇ ಮೆಟ್ಟಿಲು ಹತ್ತಿ ಮೇಲೆ ಬಂದು, ಕರಡಾಗಿ, ಕಾರ್ಯದರ್ಶಿಯ ಕಣ್ಣು ದಾಟಿ, ಸಚಿವರ ಅನುಮೋದನೆ ಪಡೆಯುತ್ತವೆ. ಜೊತೆಗೆ ಸಚಿವರಿಗೆಂದೇ ಇನ್ನೊಂದು ಟಿಪ್ಪಣಿ ತಯಾರಾಗುತ್ತದೆ: ಯಾವ ಉಪಪ್ರಶ್ನೆ ಬರಬಹುದು, ಬಂದರೆ ಏನು ಹೇಳಬೇಕು.

ತಪ್ಪು ನುಸುಳುವುದು ಈ ಮೆಟ್ಟಿಲುಗಳಲ್ಲೇ. ಸಮಯ ಸಾಲದೆ ಕೆಳಹಂತದವರು ಕಳೆದ ಸಲದ ಪಟ್ಟಿಯನ್ನೇ ದಿನಾಂಕ ತಿದ್ದಿ ಕಳಿಸುವುದುಂಟು. ನಮೂನೆಯಲ್ಲಿ "ಶೌಚಾಲಯ ಇದೆಯೇ" ಎಂಬ ಕಾಲಂ ಮಾತ್ರ ಇದ್ದರೆ, ಬೀಗ ಹಾಕಿದ್ದೂ ನೀರಿಲ್ಲದ್ದೂ "ಇದೆ" ಎಂದೇ ಬರುತ್ತದೆ. ಮೇಲೆ ಕುಳಿತವರು ಸುಳ್ಳು ಹೇಳಬೇಕೆಂದಿಲ್ಲ, ಕಾಲಂ ಕೇಳಿದ್ದನ್ನಷ್ಟೇ ಉತ್ತರ ಹೇಳಿದೆ.

ಯಾವ ಪ್ರಶ್ನೆ ಒಳಗೆ ಬರುವುದಿಲ್ಲ

ಸಭಾಧ್ಯಕ್ಷರಿಗೆ ಪ್ರಶ್ನೆಯನ್ನು ತಿರಸ್ಕರಿಸುವ ಅಧಿಕಾರವಿದೆ, ಕಾರಣಗಳು ನಿಯಮದಲ್ಲೇ ಇವೆ. ಲೋಕಸಭೆಯ 41ನೇ ನಿಯಮದ ಪ್ರಕಾರ ಪ್ರಶ್ನೆ ಸಾಧಾರಣವಾಗಿ 150 ಪದ ಮೀರಬಾರದು. ವಾದ, ವ್ಯಂಗ್ಯ, ಆರೋಪ, ಮಾನಹಾನಿಯ ಮಾತು ಇರಕೂಡದು. ಅಭಿಪ್ರಾಯ ಕೇಳುವಂತಿಲ್ಲ, "ಹೀಗಾದರೆ ಏನು ಮಾಡುತ್ತೀರಿ" ಎಂಬ ಊಹೆಯ ಪ್ರಶ್ನೆ ಸಲ್ಲದು. ನ್ಯಾಯಾಲಯದ ಮುಂದಿರುವ ವಿಷಯ, ಈಗಾಗಲೇ ಉತ್ತರ ಕೊಟ್ಟ ಪ್ರಶ್ನೆಯ ಪುನರಾವರ್ತನೆ, ಸಾರ್ವಜನಿಕವಾಗಿ ಸಿಗುವ ದಾಖಲೆಯಲ್ಲೇ ಇರುವ ಮಾಹಿತಿ, ಇವೂ ಹೊರಗೆ.

ಸಾಮಾನ್ಯ ಓದುಗರಿಗೆ ಹೆಚ್ಚು ಉಪಯೋಗದ ಕಾರಣ ಇನ್ನೊಂದಿದೆ. ವಿಷಯ ಆ ಸರ್ಕಾರದ ಹೊಣೆಯೇ ಆಗಿರಬೇಕು. ಪೊಲೀಸ್ ಠಾಣೆಯ ಬಗ್ಗೆ ಸಂಸದರು ಕೇಳಿದರೆ "ಇದು ರಾಜ್ಯದ ವಿಷಯ" ಎಂದು ಬಾಗಿಲು ಮುಚ್ಚುತ್ತದೆ. ರೈಲ್ವೆ ಮೇಲ್ಸೇತುವೆಯ ಹಳಿ ಮೇಲಿನ ಭಾಗದ ಬಗ್ಗೆ ಶಾಸಕರು ಕೇಳಿದರೆ ರಾಜ್ಯ ಕೇಂದ್ರದತ್ತ ಬೆರಳು ತೋರಿಸುತ್ತದೆ. ಪಡಿತರದಂಥ ವಿಷಯ ಎರಡೂ ಕಡೆ ಹರಡಿಕೊಂಡಿದೆ. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಧಾನ್ಯದ ಹಂಚಿಕೆಯನ್ನು ಕೇಂದ್ರದಲ್ಲಿ ಕೇಳಬೇಕು, ಕಾರ್ಡು ಮತ್ತು ನ್ಯಾಯಬೆಲೆ ಅಂಗಡಿಯ ವ್ಯವಹಾರವನ್ನು ರಾಜ್ಯದಲ್ಲಿ. ತಪ್ಪು ಬಾಗಿಲು ತಟ್ಟಿದರೆ ಒಂದು ಅಧಿವೇಶನವೇ ಕೈತಪ್ಪುತ್ತದೆ.

ಪ್ರಶ್ನೆ ಕಟ್ಟುವ ಕೆಲಸ

"ರಾಜ್ಯದ ಆಸ್ಪತ್ರೆಗಳಲ್ಲಿ ವೈದ್ಯರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಹಾಗಿದ್ದಲ್ಲಿ, ಕೈಗೊಂಡ ಕ್ರಮಗಳೇನು?" ನಮ್ಮ ಸದನಗಳಲ್ಲಿ ಈ ಅಚ್ಚಿನ ಪ್ರಶ್ನೆ ಬಹಳ. ವೈದ್ಯರ ಮುಂದೆ ಕುಳಿತು "ಮೈ ಸರಿಯಿಲ್ಲ" ಎಂದಷ್ಟೇ ಹೇಳಿದಂತೆ ಇದು, ಯಾವ ಮಾತ್ರೆ ಕೊಟ್ಟರೂ ಸರಿಹೋಗುತ್ತದೆ. ಉತ್ತರವೂ ಅದೇ ತೂಕದ್ದು: "ಬಂದಿದೆ. ಖಾಲಿ ಹುದ್ದೆಗಳನ್ನು ಹಂತಹಂತವಾಗಿ ಭರ್ತಿ ಮಾಡಲು ಕ್ರಮ ಕೈಗೊಳ್ಳಲಾಗುತ್ತಿದೆ."

ಇಲ್ಲಿ "ಹಾಗಿದ್ದಲ್ಲಿ" ಎಂಬ ಪದ ಮಾಡುವ ಹಾನಿ ಕಣ್ಣಿಗೆ ಬೀಳುವುದಿಲ್ಲ. ಮೊದಲ ಭಾಗಕ್ಕೆ ಇಲಾಖೆ "ಬಂದಿರುವುದಿಲ್ಲ" ಎಂದುಬಿಟ್ಟರೆ ಅದಕ್ಕೆ ಜೋತುಬಿದ್ದ ಎಲ್ಲ ಭಾಗಗಳಿಗೂ "ಉದ್ಭವಿಸುವುದಿಲ್ಲ" ಎಂಬ ಒಂದೇ ಪದ ಸಾಕು. ಪಳಗಿದ ಸದಸ್ಯರು ಪ್ರತಿ ಭಾಗವೂ ತನ್ನ ಕಾಲ ಮೇಲೆ ನಿಲ್ಲುವಂತೆ ಬರೆಯುತ್ತಾರೆ.

ಅದೇ ವಿಷಯವನ್ನು ಹೀಗೆ ಕೇಳಬಹುದು:

(ಅ) ಇಂಥ ತಾಲ್ಲೂಕಿನ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮಂಜೂರಾದ, ಭರ್ತಿಯಾದ, ಖಾಲಿ ಇರುವ ವೈದ್ಯ ಹುದ್ದೆಗಳೆಷ್ಟು? (ಕೇಂದ್ರವಾರು ವಿವರ ನೀಡುವುದು)

(ಆ) ಭರ್ತಿಯಾದ ಹುದ್ದೆಗಳ ಪೈಕಿ ನಿಯೋಜನೆ ಮೇಲೆ ಬೇರೆಡೆ ಕೆಲಸ ಮಾಡುತ್ತಿರುವವರೆಷ್ಟು, ಯಾವ ದಿನಾಂಕದಿಂದ?

(ಇ) ಖಾಲಿ ಹುದ್ದೆಗಳು ಯಾವ ದಿನಾಂಕದಿಂದ ಖಾಲಿ ಇವೆ?

(ಈ) ಭರ್ತಿಯ ಪ್ರಸ್ತಾವನೆ ಈಗ ಯಾವ ಇಲಾಖೆಯ ಮುಂದಿದೆ, ಯಾವ ಕಾಲಮಿತಿಯಲ್ಲಿ ತೀರ್ಮಾನವಾಗುತ್ತದೆ?

ಎರಡನೆಯದೇ ಇದರ ಜೀವ. ನಿಯೋಜನೆ ಎಂದರೆ ಹುದ್ದೆ ಒಂದು ಕಡೆ, ಕೆಲಸ ಇನ್ನೊಂದು ಕಡೆ. ಸಂಬಳದ ಪಟ್ಟಿಯಲ್ಲಿ ಆ ವೈದ್ಯರು ನಿಮ್ಮ ಊರಿನ ಕೇಂದ್ರದವರು, ದಿನವೂ ಕುಳಿತುಕೊಳ್ಳುವುದು ಜಿಲ್ಲಾ ಕೇಂದ್ರದಲ್ಲಿ. ಕಾಗದದಲ್ಲಿ ಹುದ್ದೆ ತುಂಬಿದೆ, ಕುರ್ಚಿ ಖಾಲಿ. ಬರೀ "ಖಾಲಿ ಎಷ್ಟು" ಎಂದು ಕೇಳಿದವರಿಗೆ ಇದು ಎಂದೂ ತಿಳಿಯುವುದಿಲ್ಲ.

ಹಣದ ಪ್ರಶ್ನೆಗೂ ಇದೇ ಎಚ್ಚರ ಬೇಕು. ಬಜೆಟ್ಟಿನಲ್ಲಿ ಒದಗಿಸಿದ್ದು, ಬಿಡುಗಡೆ ಮಾಡಿದ್ದು, ವೆಚ್ಚವಾದದ್ದು ಮೂರೂ ಬೇರೆ ಬೇರೆ ಅಂಕಿಗಳು. ಒಂದನ್ನಷ್ಟೇ ಕೇಳಿದರೆ ಸರ್ಕಾರಕ್ಕೆ ಚೆಂದ ಕಾಣುವುದು ಬರುತ್ತದೆ. ಕಾಮಗಾರಿಯಾದರೆ ಭೌತಿಕ ಪ್ರಗತಿ, ಆರ್ಥಿಕ ಪ್ರಗತಿ ಎರಡನ್ನೂ ಕೇಳಬೇಕು. ಬಿಲ್ಲು ಮುಕ್ಕಾಲು ಪಾವತಿಯಾಗಿ ಗೋಡೆ ಅರ್ಧಕ್ಕೆ ನಿಂತಿದ್ದರೆ ಅದು ತಿಳಿಯುವುದು ಈ ಎರಡನ್ನು ಪಕ್ಕಪಕ್ಕ ಇಟ್ಟಾಗ.

ಉತ್ತರದ ನುಡಿಗಟ್ಟು

ಸರ್ಕಾರಿ ಉತ್ತರಕ್ಕೆ ತನ್ನದೇ ಕನ್ನಡವಿದೆ. ಒಮ್ಮೆ ರೂಢಿಯಾದರೆ ಸಾಲಿನ ಹಿಂದಿರುವುದು ಕಾಣತೊಡಗುತ್ತದೆ.

"ಪ್ರಸ್ತಾವನೆ ಸರ್ಕಾರದ ಮುಂದೆ ಇರುವುದಿಲ್ಲ" ಎಂದರೆ ಕಡತವೇ ಇಲ್ಲ. ಕೇಳಲು ಕಹಿ, ಆದರೆ ಇರುವುದರಲ್ಲಿ ಪ್ರಾಮಾಣಿಕ ಉತ್ತರ ಇದೇ. ವೇದಿಕೆಯಲ್ಲಿ ಘೋಷಣೆಯಾದ ಕಾಲೇಜಿಗೆ ಈ ಉತ್ತರ ಬಂದರೆ ಘೋಷಣೆ ಭಾಷಣದಾಚೆ ಹೋಗಿಲ್ಲ ಎಂದರ್ಥ. "ಪರಿಶೀಲನೆಯಲ್ಲಿದೆ" ಎಂದರೆ ಕಡತ ಇದೆ, ತೀರ್ಮಾನವಿಲ್ಲ. ಯಾರ ಮೇಜಿನ ಮೇಲೆ ಎಂಬುದು ಉಪಪ್ರಶ್ನೆಯ ವಿಷಯ, ಆರ್ಥಿಕ ಇಲಾಖೆಯಲ್ಲಿ ನಿಂತಿದ್ದರೆ ಅದರ ಅರ್ಥವೇ ಬೇರೆ. "ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮವಹಿಸಲಾಗುವುದು" ಎಂದಿದ್ದರೆ ಸದ್ಯಕ್ಕೆ ಹಣ ಇಟ್ಟಿಲ್ಲ ಎಂದು ಓದಿಕೊಳ್ಳಿ. "ಪ್ರಗತಿಯಲ್ಲಿದೆ" ಎಂಬುದಕ್ಕೆ ಕಾರ್ಯಾದೇಶ ಕೊಟ್ಟಿದ್ದರಿಂದ ಹಿಡಿದು ಬಣ್ಣ ಬಳಿಯುತ್ತಿರುವವರೆಗೆ ಏನು ಬೇಕಾದರೂ ಅರ್ಥ ಇರಬಹುದು.

"ಅನುಬಂಧದಲ್ಲಿ ಲಗತ್ತಿಸಿದೆ" ಎಂದು ಕಂಡರೆ ಅಲ್ಲಿಗೇ ನಿಲ್ಲಬೇಡಿ. ಊರುವಾರು, ಶಾಲೆವಾರು ಅಂಕಿ ಇರುವುದು ಅನುಬಂಧದಲ್ಲೇ. ಸುದ್ದಿಗೆ ಬರುವುದು ಮೊದಲ ಪುಟದ ಒಟ್ಟು ಮೊತ್ತ ಮಾತ್ರ.

ಉತ್ತರ ಸಾಲದಿದ್ದರೆ

ಉತ್ತರದಿಂದ ಹುಟ್ಟಿದ ಸಾರ್ವಜನಿಕ ಮಹತ್ವದ ವಿಷಯವನ್ನು ಅರ್ಧ ಗಂಟೆ ಚರ್ಚೆಗೆ ತರಬಹುದು, ಲೋಕಸಭೆಯಲ್ಲಿ ಇದು 55ನೇ ನಿಯಮ. ಕರ್ನಾಟಕ ವಿಧಾನಸಭೆಯ ವರದಿಗಳಲ್ಲಿ ಪದೇಪದೇ ಕೇಳುವ ನಿಯಮ 60 ನಿಲುವಳಿ ಸೂಚನೆಯದು (ಉಳಿದ ಕಲಾಪ ಬದಿಗಿಟ್ಟು ತುರ್ತು ವಿಷಯ ಚರ್ಚಿಸಬೇಕೆಂಬ ಬೇಡಿಕೆ), ನಿಯಮ 69 ಸಾರ್ವಜನಿಕ ಮಹತ್ವದ ವಿಷಯದ ಚರ್ಚೆಯದು. ವಿರೋಧ ಪಕ್ಷ 60ರಡಿ ಕೇಳುವುದು, ಸಭಾಧ್ಯಕ್ಷರು ಅದನ್ನು 69ಕ್ಕೆ ಬದಲಿಸಿ ಅವಕಾಶ ಕೊಡುವುದು ಬಹಳ ಸಲ ನಡೆಯುತ್ತದೆ.

ಹೆಚ್ಚು ಪರಿಣಾಮಕಾರಿಯಾದರೂ ಕ್ಯಾಮೆರಾ ಹೋಗದ ಜಾಗ ಸರ್ಕಾರಿ ಭರವಸೆಗಳ ಸಮಿತಿ. ಲೋಕಸಭೆಯಲ್ಲಿ ಇದು 1953ರಿಂದ, ರಾಜ್ಯಸಭೆಯಲ್ಲಿ 1972ರಿಂದ ಇದೆ, ಕರ್ನಾಟಕದ ಎರಡೂ ಸದನಗಳಲ್ಲೂ ಇಂಥ ಸಮಿತಿಗಳಿವೆ. "ಪರಿಶೀಲಿಸಲಾಗುವುದು", "ಮಾಹಿತಿ ಸಂಗ್ರಹಿಸಿ ಮಂಡಿಸಲಾಗುವುದು" ಎಂಬಂಥ ಮಾತುಗಳನ್ನು ಸಮಿತಿ ಭರವಸೆಯೆಂದು ದಾಖಲಿಸಿಕೊಂಡು ಇಲಾಖೆಯ ಬೆನ್ನು ಹತ್ತುತ್ತದೆ. ಸಂಸತ್ತಿನಲ್ಲಿ ಭರವಸೆ ಈಡೇರಿಸಲು ಮೂರು ತಿಂಗಳ ಗಡುವು. ಆಗದಿದ್ದರೆ ಇಲಾಖೆ ಕಾರಣ ಕೊಟ್ಟು ಸಮಯ ಕೇಳಬೇಕು.

ಉತ್ತರ ತಪ್ಪಾಗಿದ್ದರೆ ಸಚಿವರು ಸದನದಲ್ಲೇ ತಿದ್ದುಪಡಿ ಹೇಳಿಕೆ ಕೊಡಬೇಕಾಗುತ್ತದೆ. ಬೇಕೆಂದೇ ಸದನದ ದಾರಿ ತಪ್ಪಿಸಿದ್ದರೆ ಅದು ಹಕ್ಕುಚ್ಯುತಿಯ, ಅಂದರೆ ಸದನದ ವಿಶೇಷ ಹಕ್ಕಿಗೆ ಧಕ್ಕೆ ತಂದ ಪ್ರಶ್ನೆ.

ಒಂದು ಪ್ರಶ್ನೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಹಳೆಯ ಉದಾಹರಣೆ 1957ರದು. ಆಗಷ್ಟೇ ಹುಟ್ಟಿದ್ದ ಜೀವ ವಿಮಾ ನಿಗಮ ಉದ್ಯಮಿ ಹರಿದಾಸ್ ಮುಂದ್ರಾ ಅವರ ಕಂಪನಿಗಳ ಷೇರುಗಳಿಗೆ ಸುಮಾರು 1.24 ಕೋಟಿ ರೂಪಾಯಿ ಹಾಕಿದ್ದರ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನೆ ಎದ್ದಿತು. ಆಳುವ ಪಕ್ಷದವರೇ ಆದ ಫಿರೋಜ್ ಗಾಂಧಿ ಅದನ್ನು ಬಿಡದೆ ಹಿಡಿದರು. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ವಿಚಾರಣಾ ಆಯೋಗ ಕುಳಿತಿತು, 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಎಲ್ಲಿ ಕೆಡುತ್ತದೆ

ಗದ್ದಲಕ್ಕೆ ಮೊದಲು ಬಲಿಯಾಗುವುದು ದಿನದ ಆರಂಭದಲ್ಲಿರುವ ಈ ಗಂಟೆಯೇ. ಆಗ ಲಿಖಿತ ಉತ್ತರಗಳೇನೋ ಮಂಡನೆಯಾಗುತ್ತವೆ, ಸಚಿವರು ಉಪಪ್ರಶ್ನೆಯಿಂದ ಪಾರಾಗುತ್ತಾರೆ. ಧರಣಿ ಯಾರದೇ ಆಗಿರಲಿ, ಲಾಭ ಉತ್ತರ ಕೊಡಬೇಕಾದವರಿಗೆ. ಗೈರುಹಾಜರಿ ಇನ್ನೊಂದು ರೋಗ. 2009ರ ನವೆಂಬರಿನಲ್ಲಿ ಪ್ರಶ್ನೆ ಕೇಳಿದ ಸದಸ್ಯರೇ ಸಾಲುಸಾಲಾಗಿ ಇಲ್ಲದೆ ಲೋಕಸಭೆಯ ಪ್ರಶ್ನೋತ್ತರ ಅವಧಿ ನಡುವೆಯೇ ಮುಗಿದುಹೋಗಿತ್ತು. 2020ರ ಸೆಪ್ಟೆಂಬರಿನ ಕೋವಿಡ್ ಕಾಲದ ಅಧಿವೇಶನದಲ್ಲಿ ಪ್ರಶ್ನೋತ್ತರ ಕಲಾಪವನ್ನೇ ಕೈಬಿಟ್ಟು ಲಿಖಿತ ಉತ್ತರಗಳನ್ನಷ್ಟೇ ಉಳಿಸಿಕೊಂಡರು.

ಪ್ರಶ್ನೆಯೇ ಮಾರಾಟವಾದದ್ದೂ ಇದೆ. ಹಣ ಪಡೆದು ಪ್ರಶ್ನೆ ಕೇಳಲು ಒಪ್ಪಿದ್ದು ರಹಸ್ಯ ಕ್ಯಾಮೆರಾದಲ್ಲಿ ಸೆರೆಯಾಗಿ 2005ರ ಡಿಸೆಂಬರಿನಲ್ಲಿ 11 ಸಂಸದರು ಉಚ್ಚಾಟನೆಗೊಂಡರು. ಹತ್ತು ಮಂದಿ ಲೋಕಸಭೆಯವರು, ಒಬ್ಬರು ರಾಜ್ಯಸಭೆಯವರು. ಸುಪ್ರೀಂ ಕೋರ್ಟ್ 2007ರಲ್ಲಿ ಅದನ್ನು ಎತ್ತಿಹಿಡಿಯಿತು.

ನಿಮ್ಮ ಪ್ರಶ್ನೆ ಸದನಕ್ಕೆ ಹೋಗಬೇಕಾದರೆ

ಮೊದಲು ನಿಮ್ಮ ಶಾಸಕರು ಸಚಿವರೇ ಎಂದು ನೋಡಿ. ಸಚಿವರಾದವರು ಪ್ರಶ್ನೆ ಕೇಳುವುದಿಲ್ಲ, ಉತ್ತರಿಸುತ್ತಾರೆ. ಆಗ ವಿಧಾನ ಪರಿಷತ್ತಿನ ಕಡೆ ತಿರುಗಬಹುದು. ಅಲ್ಲಿನ 75 ಸ್ಥಾನಗಳಲ್ಲಿ 25 ಸ್ಥಳೀಯ ಸಂಸ್ಥೆಗಳಿಂದ, ತಲಾ 7 ಪದವೀಧರರಿಂದ ಮತ್ತು ಶಿಕ್ಷಕರಿಂದ ಆಯ್ಕೆಯಾಗುವಂಥವು, ಅಂದರೆ ನಿಮ್ಮ ಜಿಲ್ಲೆಗೆ ಸಂಬಂಧಪಟ್ಟವರು ಅಲ್ಲೂ ಇರುತ್ತಾರೆ. ಅಧಿವೇಶನ ಬೆಂಗಳೂರಿನಲ್ಲಿರಲಿ ಬೆಳಗಾವಿಯಲ್ಲಿರಲಿ, ದಿನಾಂಕ ಪ್ರಕಟವಾದ ಕೂಡಲೇ ಹೋಗಬೇಕು. ಕಲಾಪ ಶುರುವಾದ ಮೇಲೆ ಕೊಟ್ಟ ಮನವಿ ಸೂಚನೆಯ ಅವಧಿಯೊಳಗೆ ಬರುವುದು ಕಷ್ಟ. ಮೂರು ಪುಟದ ಅಹವಾಲಿಗಿಂತ, ಮೇಲೆ ತೋರಿಸಿದಂತೆ (ಅ), (ಆ), (ಇ) ಎಂದು ಭಾಗ ಮಾಡಿದ ಅರ್ಧ ಪುಟದ ಕರಡು ಒಯ್ದರೆ ಅವರ ಆಪ್ತ ಸಹಾಯಕರೇ ನಿಮ್ಮನ್ನು ನೆನಪಿಟ್ಟುಕೊಳ್ಳುತ್ತಾರೆ.

ಕೊಟ್ಟ ಉತ್ತರಗಳು ಸಂಸತ್ತಿನ ಮತ್ತು ಕರ್ನಾಟಕ ವಿಧಾನಮಂಡಲದ ಜಾಲತಾಣಗಳಲ್ಲಿ ಸಿಗುತ್ತವೆ. ಸದನ, ಅಧಿವೇಶನ, ದಿನಾಂಕ ತಿಳಿದಿದ್ದರೆ ಹುಡುಕುವುದು ಸುಲಭ, ಇಲ್ಲದಿದ್ದರೆ ಸದಸ್ಯರ ಹೆಸರಿನಿಂದ ಪ್ರಯತ್ನಿಸಿ. ರಾಜ್ಯದ ಉತ್ತರಪತ್ರಿಕೆಯಲ್ಲಿ ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ಕೆಳಗೆ ಸಚಿವರ ಹೆಸರು, ಅದರ ಆಸುಪಾಸಿನಲ್ಲಿ ಇಲಾಖೆಯ ಕಡತ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕುವಾಗ "ಈ ಕಡತದಲ್ಲಿ ಜಿಲ್ಲಾ ಕಚೇರಿಯಿಂದ ಬಂದ ವರದಿಯ ಪ್ರತಿ ಕೊಡಿ" ಎಂದು ನಿರ್ದಿಷ್ಟವಾಗಿ ಕೇಳಬಹುದು. 30 ದಿನದೊಳಗೆ ಇಲಾಖೆ ಉತ್ತರಿಸಬೇಕು. ಆ ವರದಿಯ ಅಂಕಿಯನ್ನು ಸದನದಲ್ಲಿ ಮಂಡಿಸಿದ ಅಂಕಿಯ ಪಕ್ಕ ಇಟ್ಟು ನೋಡಿ. ಎರಡೂ ತಾಳೆಯಾಗದಿದ್ದರೆ ಮುಂದಿನ ಅಧಿವೇಶನದ ಪ್ರಶ್ನೆ ಅಲ್ಲೇ ಸಿದ್ಧವಾಗಿರುತ್ತದೆ.